ರಾಜನಿಲ್ಲದ ನಾಟಕ

ಇಂದಿರಾಪುರಂ
೭ ಡಿಸೆಂಬರ್ ೨೦೨೫, ಭಾನುವಾರ

ಸಿಂಧು ಅಪ್ಪನಿಗೆ ಗಿರಿಜಾ ಮಾಡುವ ನಮಸ್ಕಾರ.

ಸಂಜೆ ಏಳು ಗಂಟೆ. ಬೆಳಿಗ್ಗೆ ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವಿದ್ದೆ. ದೆಹಲಿ ಕಡೆಯ ಈ ಮಂಜಿಗೆ ಒಂದೂ ಒಣಗಲಿಲ್ಲ, ಹಾಗೇ ಒಳಗೆ ತಂದು ಕುರ್ಚಿಗಳ ಮೇಲೆ ಹಾಕಿದ್ದೇನೆ. ಮಧ್ಯಾಹ್ನ ಹಿಂಡನ್ ಕನ್ನಡ ಕೂಟದ ಸಭೆಗೆ ಹೋಗಿದ್ದೆ. ಅದನ್ನು ತಿಳಿಸಲು ಈ ಕಾಗದ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಊಟ ಆಯ್ತಾ" ಅನ್ನುತ್ತೀರಿ, ನಾನು "ಆಯ್ತು" ಅನ್ನುತ್ತೇನೆ. ಆಮೇಲೆ ಫೋನ್ ಇಡುತ್ತೇವೆ. ನಿಮ್ಮ ಗೋದಾಮು ಮಾನೇಸರಿಗೆ ಹೋಗಿ ನೀವೂ ಅದರ ಹಿಂದೆ ಹೋದ ಮೇಲೆ ನಾವು ಆಡಿದ ಮಾತೆಲ್ಲ ಇಷ್ಟೇ. ನಿಮ್ಮ ಕಂಪನಿಯ ಟೆಂಪೋ ದಿನವೂ ಓಖ್ಲಾಕ್ಕೆ ಬರುತ್ತದಲ್ಲ, ಕಿಶನ್ ಭಯ್ಯಾ ನಮ್ಮ ಗಾರ್ಮೆಂಟ್ ಗೇಟಿನ ಮುಂದೆಯೇ ಹೋಗುತ್ತಾನೆ. ಅವನ ಕೈಯಲ್ಲಿ ಕೊಡುತ್ತೇನೆ. ನೀವೂ ಹಾಗೇ ಮಾಡಿ.

ಸಿಂಧು ಅಪ್ಪ ಎಂದು ಬರೆಯುವಾಗ ಕೈ ಸ್ವಲ್ಪ ನಿಂತಿತು. ಅವಳು ಹುಟ್ಟಿದಾಗಿನಿಂದ ನಿಮ್ಮನ್ನು ಹಾಗೇ ಕರೆದಿದ್ದೇನೆ. ಬೇರೆ ಹೇಗೆ ಕರೆಯುವುದೋ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಇವತ್ತು ಸಭೆಯಲ್ಲಿ ಎದ್ದು ನಿಂತು ಮಾತಾಡಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ನಮ್ಮ ಮಗಳು ಬರೆದ ನಾಟಕವನ್ನು ಬರುವ ಮಾರ್ಚ್ ಎಂಟಕ್ಕೆ ಆಡಬೇಕು ಅಂದೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಕೂಟದವರೆಲ್ಲ ಕೂತು ಅದನ್ನು ಎರಡು ಸಲ ಓದಿದ್ದರು, ಪಾತ್ರವನ್ನೂ ಹಂಚಿಕೊಂಡಿದ್ದರು. ಆಮೇಲೆ ಆ ಅಕ್ಟೋಬರ್ ಬಂತು, ಅವಳ ಜ್ವರ ಬಂತು. ಪ್ರತಿಗಳು ಎಲ್ಲರ ಮನೆಯಲ್ಲೂ ಇವೆ, ಯಾರೂ ಹೊರಗೆ ತೆಗೆದಿರಲಿಲ್ಲ. ಸಿಂಧು ಜೊತೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದ ತನುಶ್ರೀ ತಾನೇ ನಿಂತು ಆಡಿಸುತ್ತೇನೆ ಎಂದಿದ್ದಾಳೆ.

ನಾಟಕ ನಿಮಗೆ ನೆನಪಿರಬೇಕು. ರಷ್ಯಾ ದೇಶ, ೧೯೧೭, ಪೆಟ್ರೋಗ್ರಾಡ್ ಎಂಬ ಊರು, ಮೂಳೆ ಕೊರೆಯುವ ಚಳಿ. ಯುದ್ಧ ನಡೆದಿದೆ, ಗಂಡಸರು ಅಲ್ಲಿ ಸಾಯುತ್ತಿದ್ದಾರೆ, ಇಲ್ಲಿ ಹೆಂಗಸರು ರೊಟ್ಟಿ ಅಂಗಡಿಯ ಮುಂದೆ ಸಾಲು ನಿಂತಿದ್ದಾರೆ. ಮಾರ್ಚ್ ಎಂಟು, ಮಹಿಳೆಯರ ದಿನ. ಬಟ್ಟೆ ಗಿರಣಿಯ ಹೆಂಗಸರು ಮಗ್ಗ ಬಿಟ್ಟು ಬೀದಿಗೆ ಬರುತ್ತಾರೆ. ಕಬ್ಬಿಣದ ಕಾರ್ಖಾನೆಯ ಕಿಟಕಿಗಳಿಗೆ ಹಿಮದ ಉಂಡೆ ಎಸೆದು ಗಂಡಸರನ್ನೂ ಹೊರಗೆ ಕರೆಯುತ್ತಾರೆ. ಝಾರ್ ದೊರೆಯ ಸೈನಿಕರೇ ಗುಂಡು ಹಾರಿಸಲು ಒಲ್ಲೆ ಅನ್ನುತ್ತಾರೆ. ಒಂದು ವಾರ. ಮುನ್ನೂರು ವರ್ಷ ಆಳಿದ ಮನೆತನ ರೈಲು ಡಬ್ಬಿಯೊಂದರಲ್ಲಿ ಸಹಿ ಹಾಕಿ ಎದ್ದು ಹೋಗುತ್ತದೆ. ಸಿಂಧು ಇದನ್ನೆಲ್ಲ ಬರೀ ಸಾಲಿನಲ್ಲಿ ನಿಂತ ಹೆಂಗಸರ ಬಾಯಲ್ಲಿ ಹೇಳಿಸಿದ್ದಾಳೆ. ದೊರೆ ಕಾಣಿಸುವುದೇ ಇಲ್ಲ. ಅವನ ರೈಲಿನ ಸದ್ದು ಮಾತ್ರ ಕೇಳಿಸುತ್ತದೆ.

ಕಾರ್ಯದರ್ಶಿ ರಘುನಂದನ್ ಅವರಿಗೆ ಇದೇ ತಕರಾರು. "ಮೇಡಂ, ರಾಜ ಬಿದ್ದ ಕಥೆ ಅಂತೀರಿ, ರಾಜನೇ ಇಲ್ವಲ್ರೀ! ಜನ ಏನ್ ನೋಡ್ಬೇಕು? ಹೆಂಗಸ್ರು ಕ್ಯೂ ನಿಂತಿರೋದನ್ನಾ? ಅದನ್ನ ಹಾಲಿನ ಬೂತ್ ಮುಂದೆ ದಿನಾ ನೋಡ್ತಾರೆ."

ಪಕ್ಕದ ಟವರಿನ ಸುಶೀಲಮ್ಮ ಬಿಡಲಿಲ್ಲ. "ರಘು ಅವ್ರೇ, ನೋಡ್ತಾರೆ ನಿಜ. ನೀವು ಯಾವತ್ತಾದ್ರೂ ನಿಂತಿದ್ದೀರಾ? ಹಾಲು ತರೋದು ನಿಮ್ಮ ಮನೆಯವ್ರು."

ಎಲ್ಲರೂ ನಕ್ಕರು. ನಾಟಕ ಅಂತೂ ಒಪ್ಪಿಗೆಯಾಯಿತು. ರಾಜನ ವಿಷಯ ಆಮೇಲೆ ನೋಡೋಣ ಎಂದರು. ನೋಡುವುದಕ್ಕೆ ಏನೂ ಇಲ್ಲ. ಅವಳು ಬರೆದ ಹಾಗೇ ಆಡಬೇಕು.

ನಾಳೆ ಬೆಳಗಿನ ಪಾಳಿ.

ಇಂತಿ,
ಗಿರಿಜಾ

* * *

ಮಾನೇಸರ್
೧೬ ಡಿಸೆಂಬರ್ ೨೦೨೫

ಗಿರಿಜಾ,

ಕ್ಷೇಮ. ನಿನ್ನ ಕಾಗದ ಕಿಶನ್ ಕೊಟ್ಟ. "ಭಾಭೀಜಿ ಕಾ ಲವ್ ಲೆಟರ್" ಎಂದು ಗೋದಾಮಿನಲ್ಲಿ ಎಲ್ಲರ ಮುಂದೆ ಕೂಗಿದ. ಬೈದೆ.

ಇಲ್ಲಿ ಬಲಿಯಾ ಎಂಬ ಊರಿನ ಕಡೆಯ ಮೂವರು ಕಾರ್ಖಾನೆ ಹುಡುಗರ ಜೊತೆ ಇದ್ದೇನೆ. ನನಗೆ ಚಾಚಾ ಅನ್ನುತ್ತಾರೆ, ಬೆಳಿಗ್ಗೆ ಬಿಸಿನೀರು ನನಗೇ ಮೊದಲು ಬಿಡುತ್ತಾರೆ. ಭಾನುವಾರ ನಾನು ಸಾರು ಮಾಡಿದರೆ ಅದಕ್ಕೆ ಸಕ್ಕರೆ ಕೇಳುತ್ತಾರೆ.

ರಘುನಂದನ್ ಫೋನ್ ಮಾಡಿದ್ದರು. ರಾಜನದೊಂದು ದೃಶ್ಯ ಸೇರಿಸಬೇಕಂತೆ, ಹತ್ತು ನಿಮಿಷ ಸಾಕಂತೆ. "ಚಂದ್ರಪ್ಪನವರೇ, ನಮ್ಮ ಕೂಟದಲ್ಲಿ ರಾಜ ಅಂದ್ರೆ ನೀವೇ" ಎಂದರು. ಅದೇನು ಸುಳ್ಳಲ್ಲ. ರಾಜ್ಯೋತ್ಸವದಲ್ಲಿ ಅಷ್ಟು ವರ್ಷ ಕಿರೀಟ ಇಟ್ಟವನು ನಾನು. ಒಪ್ಪಿಕೊಂಡೆ. ಮಾತನ್ನೂ ಬರೆದುಕೊಂಡಿದ್ದೇನೆ. "ಎಲೈ ಪೆಟ್ರೋಗ್ರಾಡಿನ ಪ್ರಜೆಗಳಿರಾ! ಮುನ್ನೂರು ವರುಷ ನಿಮ್ಮನ್ನು ಮಕ್ಕಳಂತೆ ಸಲಹಿದ ಈ ವಂಶಕ್ಕೆ ನೀವು ಕೊಡುವ ಪ್ರತಿಫಲವಿದೇನೋ?" ಎಂದು ಶುರುವಾಗುತ್ತದೆ. ಬಾಯಿಪಾಠವಾಗಿದೆ.

ನೀನು ಬೇಡ ಅನ್ನುತ್ತೀ ಎಂದು ಗೊತ್ತು. ಆದರೆ ಅವಳ ನಾಟಕ ನಿನಗಿದೆ, ತನುಶ್ರೀಗಿದೆ, ಸುಶೀಲಮ್ಮನಿಗೂ ಇದೆ. ನನಗೂ ಅದರೊಳಗೆ ನಿಲ್ಲಲು ಒಂದು ಜಾಗ ಬೇಕು.

ಚಳಿ ಜಾಸ್ತಿ. ಹೊರಗೆ ಹೋಗುವಾಗ ಕಿವಿ ಮುಚ್ಚಿಕೋ.

ಚಂದ್ರಪ್ಪ

* * *

ಇಂದಿರಾಪುರಂ
೧೧ ಜನವರಿ ೨೦೨೬, ಭಾನುವಾರ

ಸಿಂಧು ಅಪ್ಪನಿಗೆ,

ಮಧ್ಯಾಹ್ನ ಮೂರು ಗಂಟೆ. ಈಗಷ್ಟೇ ತಾಲೀಮು ಮುಗಿಸಿ ಬಂದೆ. ಬಿಸಿಲು ಇವತ್ತೇ ಸ್ವಲ್ಪ ಕಂಡಿದ್ದು. ಅವರೆಕಾಳು ಸಿಕ್ಕಿತು, ಆದರೆ ಒಬ್ಬಳಿಗೆ ಎಂದು ಸುಲಿಯಲು ಮನಸ್ಸು ಬರಲಿಲ್ಲ. ಸುಶೀಲಮ್ಮನಿಗೆ ಕೊಟ್ಟೆ.

ಬಹಳ ದಿನ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಬರೆಯಬಾರದು ಎಂದು ಕಾದೆ. ಇಳಿಯುವ ಲಕ್ಷಣ ಇಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ.

ತಾಲೀಮು ಸುಶೀಲಮ್ಮನ ಟವರಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಜನರೇಟರ್ ಪಕ್ಕ. ಕರೆಂಟ್ ಹೋದರೆ ಅದು ಗುಡುಗುತ್ತದೆ, ಅದರ ಮೇಲೆ ಕಿರುಚಿ ಮಾತು ಹೇಳಬೇಕು. ಮೊದಲ ದಿನ ಗಾರ್ಡ್ ಬಂದು ಸಾಲನ್ನು ನೋಡಿ, "ಮ್ಯಾಡಮ್‌ಜೀ, ಯಹಾಂ ಕ್ಯಾ ಮಿಲ್ ರಹಾ ಹೈ?" ಎಂದು ಕೇಳಿ, ಏನೋ ಹಂಚುತ್ತಿದ್ದಾರೆ ಎಂದುಕೊಂಡು ಹಿಂದೆ ತಾನೂ ನಿಂತುಬಿಟ್ಟ.

ನಾಟಕದಲ್ಲಿ ಒಂದು ನಿಯಮವಿದೆ. ಶುರುವಿನಿಂದ ಕೊನೆವರೆಗೆ ಯಾರೂ ಸಾಲು ಬಿಡುವ ಹಾಗಿಲ್ಲ. ಏನು ನಡೆದರೂ ಸಾಲಿನಲ್ಲೇ ನಡೆಯಬೇಕು. ತನುಶ್ರೀ ಇದನ್ನು ಹಠ ಹಿಡಿದು ಕಲಿಸುತ್ತಿದ್ದಾಳೆ. ನಡುವೆ ಬಂದು ಫೋನ್ ಬಾರಿಸುತ್ತಾಳೆ, "ಆಂಟಿ, ನಿಮ್ಮ ಕುಕ್ಕರ್ ಕೂಗ್ತಿದೆ" ಅನ್ನುತ್ತಾಳೆ. ಅಲ್ಲಾಡಿದವರು ಮತ್ತೆ ಮೊದಲಿನಿಂದ ನಿಲ್ಲಬೇಕು. ಸುಶೀಲಮ್ಮ ಮಂಡಿನೋವು ಎಂದು ಮನೆಯಿಂದ ಬೆತ್ತದ ಸ್ಟೂಲು ತಂದಿದ್ದರು. ತನುಶ್ರೀ ಅದರ ಮೇಲೆ ತಾನೇ ಕೂತಳು.

ಕುದುರೆ ಸವಾರ ಧನುಷ್, ರೊಟ್ಟಿ ಅಂಗಡಿಯವನೂ ಅವನೇ. ನೋಯ್ಡಾದ ಆಫೀಸಿನವನು, ಇಲ್ಲೇ ಹುಟ್ಟಿ ಬೆಳೆದವನು. ಗುಂಪಿನ ಮೇಲೆ ನುಗ್ಗು ಎಂದು ಅಪ್ಪಣೆಯಾದ ಸವಾರನೊಬ್ಬ ಹೆಂಗಸರನ್ನು ನೋಡಿ ಕಣ್ಣು ಮಿಟುಕಿಸಿದನಂತೆ. ಅಲ್ಲಿಗೆ ಅವರಿಗೆ ಧೈರ್ಯ ಬಂತಂತೆ. ಧನುಷ್ ಒದ್ದಾಡಿಹೋದ. "ತನು, ಆಂಟಿಗೆ ಕಣ್ಣು ಹೊಡ್ಯೋದು... ಯಾರ್, ಬಹುತ್ ಅಜೀಬ್ ಲಗ್ತಾ ಹೈ." ಸುಶೀಲಮ್ಮ, "ಹೊಡಿಯಪ್ಪಾ ಹೊಡಿ, ನನಗೆ ಯಾರಾದ್ರೂ ಕಣ್ಣು ಹೊಡೆದು ನಲವತ್ತು ವರ್ಷ ಆಯ್ತು" ಎಂದರು. ನಾನೂ ನಕ್ಕೆ. ನಕ್ಕ ಮೇಲೆ ಗೊತ್ತಾಯಿತು, ನಕ್ಕೆ ಎಂದು.

ಇನ್ನೊಂದು ನಡೆಯಿತು. ಸುಶೀಲಮ್ಮನ ಪಾತ್ರಕ್ಕೆ ಒಂದು ಮಾತಿದೆ: "ನನ್ನ ಮಗು ಜ್ವರದಲ್ಲಿ ಹೋಯಿತು. ಮಾರನೇ ದಿನವೂ ನಾನು ಸಾಲಿಗೆ ಬಂದೆ. ಮನೆಯಲ್ಲಿ ಉಳಿದವರಿಗೆ ಹಸಿವಾಗುತ್ತದಲ್ಲ." ಪ್ರತಿ ವಾರವೂ ಅವರು ಅದನ್ನು ನುಂಗಿ ಮುಂದಿನ ಮಾತಿಗೆ ಹೋಗುತ್ತಿದ್ದರು. ಬೇರೆಯವರೂ ಕಾಲು ನೋಡಿಕೊಂಡು ನಿಲ್ಲುತ್ತಿದ್ದರು. ಇವತ್ತು ನಾನು ತಡೆದೆ. "ಸುಶೀಲಮ್ಮ, ಒಂದು ಮಾತು ಬಿಟ್ರಿ" ಅಂದೆ. "ಇರ್ಲಿ ಬಿಡಿ ಗಿರಿಜಮ್ಮ" ಅಂದರು. "ಬೇಡ, ಹೇಳಿ. ಬರೆದಿರೋದು ಹೇಳೋದಕ್ಕೆ" ಅಂದೆ. ಹೇಳಿದರು. ಜನರೇಟರ್ ನಿಂತಿತ್ತು, ಚೆನ್ನಾಗಿ ಕೇಳಿಸಿತು.

ಸಾಲಿನ ಕೊನೆಯ ಹೆಂಗಸಿನ ಪಾತ್ರವನ್ನು ಸಿಂಧು ತನಗಾಗಿ ಇಟ್ಟುಕೊಂಡಿದ್ದಳು. ಈಗ ಅದನ್ನು ನಾನು ಮಾಡುತ್ತಿದ್ದೇನೆ. ಅಂಗಡಿಯವನು "ರೊಟ್ಟಿ ಮುಗಿಯಿತು, ನಾಳೆ ಬನ್ನಿ" ಅನ್ನುತ್ತಾನೆ. ನಾನು "ನಾಳೆ ಬರುವುದಿಲ್ಲ. ಇವತ್ತೇ ಕೇಳುತ್ತೇವೆ" ಅನ್ನಬೇಕು. ಆಗ ಸಾಲು ಪೂರ್ತಿ ಒಂದು ಹೆಜ್ಜೆ ಮುಂದಿಡುತ್ತದೆ. ನನ್ನ ದನಿ ನಿಮಗೆ ಗೊತ್ತಲ್ಲ, ಅಡುಗೆಮನೆಯಿಂದ ಹಾಲ್‌ಗೆ ಕೇಳಿಸುವುದಿಲ್ಲ. ಗಾರ್ಮೆಂಟಿನಲ್ಲಿ ಬಟ್ಟೆ ಚೆಕ್ ಮಾಡುತ್ತಾ ಆ ಮೆಷಿನ್ ಸದ್ದಿನಲ್ಲೇ ಹೇಳಿ ಹೇಳಿ ನೋಡುತ್ತೇನೆ. ಪಕ್ಕದ ಟೇಬಲಿನವಳು ಯಾರ ಮೇಲೆ ಕೋಪ ಎಂದು ಕೇಳಿದಳು.

ಈಗ ನಿಮ್ಮ ರಾಜನ ವಿಷಯ. ಬೇಡ. ಆ ಮಾತು ಚೆನ್ನಾಗಿರಬಹುದು, ನೀವು ಚೆನ್ನಾಗಿ ಹೇಳುತ್ತೀರಿ ಎನ್ನುವುದರಲ್ಲೂ ಅನುಮಾನವಿಲ್ಲ. ಆದರೆ ನೀವು ಕಿರೀಟ ಇಟ್ಟು ಬಂದ ಕೂಡಲೇ ಜನ ನಿಮ್ಮನ್ನೇ ನೋಡುತ್ತಾರೆ. ಸಾಲನ್ನು ಯಾರೂ ನೋಡುವುದಿಲ್ಲ. ಅವಳು ರಾಜನನ್ನು ಮರೆತು ಬಿಟ್ಟಿದ್ದಲ್ಲ, ಬೇಕೆಂದೇ ಬಿಟ್ಟಿದ್ದು.

ಇಂತಿ,
ಗಿರಿಜಾ

* * *

ಮಾನೇಸರ್
೧೯ ಜನವರಿ ೨೦೨೬

ಗಿರಿಜಾ,

ಓದಿದೆ. ನೀನು ಯಾವಾಗಲೂ ಅವಳ ಕಡೆ. ಈಗಲೂ ಅವಳ ಕಡೆ.

ಕಿನಾರಿ ಬಜಾರಿನಲ್ಲಿ ಉಡುಪು ಗೊತ್ತು ಮಾಡಿ ಬಂದಿದ್ದೇನೆ. ರಷ್ಯಾದ್ದು ಅಂದರೆ ಅಂಗಡಿಯವನಿಗೆ ತಿಳಿಯಲಿಲ್ಲ, ಮದುವೆ ಬ್ಯಾಂಡಿನವರ ಕೋಟು ಕೊಟ್ಟ. ಭುಜದ ಮೇಲೆ ಜರಿ ಇದೆ, ನಡೆಯುತ್ತದೆ.

ಪಾತ್ರ ಬಿಡುವುದಿಲ್ಲ.

ಚಂದ್ರಪ್ಪ

* * *

ಇಂದಿರಾಪುರಂ
೧೫ ಫೆಬ್ರವರಿ ೨೦೨೬, ಭಾನುವಾರ

ಸಿಂಧು ಅಪ್ಪನಿಗೆ,

ಸಂಜೆ ಆರು ಗಂಟೆ. ಬೆಳಿಗ್ಗೆ ಮನೆ ಗುಡಿಸಿ ಒರೆಸಿದೆ, ಗ್ಯಾಸ್ ಸಿಲಿಂಡರ್ ಬಂತು. ಹನ್ನೊಂದಕ್ಕೆ ಕೂಟದ ಸಭೆ. ಜಗಳ ಆಯಿತು.

ರಘುನಂದನ್ ಕರಪತ್ರ ಅಚ್ಚು ಹಾಕಿಸಿಬಿಟ್ಟಿದ್ದಾರೆ. ಮೇಲೆ ಮುಖ್ಯ ಅತಿಥಿಗಳ ಫೋಟೋ. ಈ ಕಡೆ ಅಪಾರ್ಟ್‌ಮೆಂಟ್ ಕಟ್ಟಿಸುವ ದೊಡ್ಡ ಬಿಲ್ಡರ್ ಅವರು. ಕೆಳಗೆ "ಝಾರ್ ಚಕ್ರವರ್ತಿಯಾಗಿ ಚಂದ್ರಪ್ಪ" ಎಂದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸಿಂಧು ಹೆಸರು, ಹಿಂದೆ ದಿವಂಗತ ಎಂದು ಸೇರಿಸಿ.

ತನುಶ್ರೀ, "ಸರ್, ಇದು ನಾವು ಆಡ್ತಿರೋ ನಾಟಕ ಅಲ್ಲ" ಎಂದಳು.

"ಅಮ್ಮಾ ತಾಯಿ, ಹಾಲ್ ಅತಿಥಿಗಳದು, ಸೌಂಡು ಅತಿಥಿಗಳದು. ಜನಕ್ಕೆ ನೋಡೋಕೆ ಏನಾದ್ರೂ ಬೇಕಲ್ವಾ? ರಾಜನ ಸೀನ್ ಇಲ್ಲ ಅಂದ್ರೆ ನಾಟಕನೇ ಬೇಡ. ಮಹಿಳಾ ದಿನಕ್ಕೆ ಸೀರೆ ಫ್ಯಾಷನ್ ಶೋ ಇಡ್ತೀನಿ, ಹೆಸರು ಕೊಡೋಕೆ ಹತ್ತು ಜನ ರೆಡಿ ಇದಾರೆ."

ನಾನು ಎದ್ದೆ. ಗಟ್ಟಿಯಾಗಿಯೇ ಹೇಳಿದೆ. "ಇಡಿ. ನಾವು ಪಾರ್ಕಿಂಗಲ್ಲೇ ಆಡ್ತೀವಿ. ಜನರೇಟರ್ ಪಕ್ಕ ನಿಂತು ಗಂಟಲು ಗಟ್ಟಿಯಾಗಿದೆ, ನಿಮ್ಮ ಸೌಂಡೂ ಬೇಡ."

ಸುಶೀಲಮ್ಮ ಎದ್ದರು. ಆಮೇಲೆ ಒಬ್ಬೊಬ್ಬರಾಗಿ ಸಾಲಿನ ಎಲ್ಲ ಹೆಂಗಸರೂ ಎದ್ದರು. ಧನುಷ್ "ಮೈಂ ಭೀ" ಎಂದು ಎದ್ದ. ರಘುನಂದನ್ ಕೆಟ್ಟವರಲ್ಲ, ನಿಮಗೂ ಗೊತ್ತು. ಆ ಅಕ್ಟೋಬರಿನಲ್ಲಿ ಸಿಂಧುವಿಗೆ ರಕ್ತ ಕೊಡಲು ಹುಡುಗರನ್ನು ಕಾರಿನಲ್ಲಿ ತುಂಬಿಕೊಂಡು ಬಂದವರು ಅವರೇ. ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡು, "ಆಯ್ತು ಮೇಡಂ. ಚಂದ್ರಪ್ಪನವ್ರ ಬಾಯಲ್ಲಿ ಬೇಡ ಅಂತ ಬರ್ಲಿ, ನಾನೂ ಬೇಡ ಅಂತೀನಿ. ಅವ್ರ ಮಗಳ ನಾಟಕ ಅಲ್ವಾ" ಎಂದರು.

ಹಾಗಾಗಿ ಈಗ ಎಲ್ಲ ನಿಮ್ಮ ಕೈಯಲ್ಲಿದೆ. ಬೇಡಿಕೊಳ್ಳುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ.

ಅವಳು ನಾಟಕ ಓದಿ ತೋರಿಸಿದ ರಾತ್ರಿ ನೀವು ಊಟಕ್ಕೆ ಕೂತು, "ಇದ್ರಲ್ಲಿ ನನ್ನ ಪಾರ್ಟು ಎಲ್ಲಮ್ಮ?" ಎಂದು ಕೇಳಿದಿರಿ. "ಅಪ್ಪಾ, ಈ ಸಲ ರಾಜನಿಗೆ ಮಾತಿಲ್ಲ. ಅವನು ಮಾತಾಡಿದ್ದು ಸಾಕು" ಅಂದಳು. "ಹಾಗಾದ್ರೆ ನಾನು ನೋಡೋಕೂ ಬರಲ್ಲ" ಅಂದಿರಿ. ನಗುತ್ತಲೇ ಅಂದಿರಿ. ಅವಳೂ ನಗುತ್ತಾ ನಿಮ್ಮ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ನೀವು ಆ ಮಾತನ್ನು ಹಿಡಿದುಕೊಂಡು ಮಾನೇಸರಿನಲ್ಲಿ ಕೂತಿದ್ದೀರಿ ಎಂದು ನನಗೆ ಗೊತ್ತು. ಅವಳು ಹಿಡಿದುಕೊಂಡಿರಲಿಲ್ಲ. ನಾನು ಅಲ್ಲೇ ಇದ್ದೆ, ನೋಡಿದ್ದೇನೆ.

ನಾಳೆ ಕಿಶನ್ ಮಧ್ಯಾಹ್ನ ಬರುತ್ತಾನೆ.

ಇಂತಿ,
ಗಿರಿಜಾ

* * *

ಮಾನೇಸರ್
೨೪ ಫೆಬ್ರವರಿ ೨೦೨೬

ಗಿರಿಜಾ,

ನಿನ್ನ ಕಾಗದ ಬಂದ ಮೇಲೆ ಕೆಲವು ದಿನ ಏನೂ ಮಾಡಲಿಲ್ಲ.

ಭಾನುವಾರ ಸಂಜೆ ರೂಮಿನ ಮೂವರೂ ತಾರಸಿಯ ಮೇಲೆ ಕೂತಿದ್ದರು. "ಚಾಚಾ, ನೀವು ಒಬ್ಬರೇ ಗುಣುಗುಡುತ್ತಿರುತ್ತೀರಲ್ಲ, ಅದೇನು" ಎಂದು ಕೇಳಿದರು. ಬ್ಯಾಂಡಿನ ಕೋಟು ಹಾಕಿಕೊಂಡು ರಾಜನ ಮಾತನ್ನು ಪೂರ್ತಿ ಹೇಳಿ ತೋರಿಸಿದೆ. ಆಮೇಲೆ ಹಿಂದಿಯಲ್ಲಿ ಅರ್ಥ ಹೇಳಿದೆ. ಚಪ್ಪಾಳೆ ಹೊಡೆದರು. ಒಬ್ಬ ಫೋನ್ ನೋಡುತ್ತಿದ್ದ. ಕಥೆ ಏನು ಎಂದು ಕೇಳಿದ್ದಕ್ಕೆ ಸಿಂಧು ನಾಟಕವನ್ನು ಹೇಳುತ್ತಾ ಹೋದೆ. ಸಾಲು, ಗಿರಣಿಯ ಹೆಂಗಸರು, ಹಿಮದ ಉಂಡೆ, ಕಣ್ಣು ಮಿಟುಕಿಸಿದ ಸವಾರ. ಫೋನ್ ನೋಡುತ್ತಿದ್ದವನು ಫೋನ್ ಕೆಳಗಿಟ್ಟ. ಮೂವರೂ ಕಾರ್ಖಾನೆಯವರೇ ಅಲ್ಲವೇ. ಮುಗಿಸಿದ ಮೇಲೆ ಯಾರೂ ರಾಜ ಏನಾದ ಎಂದು ಕೇಳಲಿಲ್ಲ. "ಚಾಚಾ, ಉನ್ ಔರತೋಂ ಕೋ ರೋಟಿ ಮಿಲೀ?" ಎಂದು ಕೇಳಿದರು.

ಆ ಹೆಂಗಸರಿಗೆ ರೊಟ್ಟಿ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸಿಂಧು ಹೇಳಿದ್ದಳೇ? ತನುಶ್ರೀಯನ್ನು ಕೇಳಿ ಬರೆ.

ರಘುನಂದನ್‌ಗೆ ಫೋನ್ ಮಾಡಿ ಬೇಡ ಎಂದಿದ್ದೇನೆ. ಕೋಟನ್ನು ವಾಪಸು ಕೊಡುತ್ತೇನೆ. ನಾಟಕ ನೋಡಲು ಬರುವುದಿಲ್ಲ. ಆ ಹಾಲ್‌ನಲ್ಲಿ ಕೂರುವ ಶಕ್ತಿ ಇನ್ನೂ ಬಂದಿಲ್ಲ, ತಪ್ಪು ತಿಳಿಯಬೇಡ.

ಚಂದ್ರಪ್ಪ

* * *

ಇಂದಿರಾಪುರಂ
೯ ಮಾರ್ಚ್ ೨೦೨೬, ಸೋಮವಾರ

ಸಿಂಧು ಅಪ್ಪನಿಗೆ,

ಸಂಜೆ ಆರೂವರೆ. ಕೆಲಸಕ್ಕೆ ಹೋಗಿ ಬಂದೆ. ನಿನ್ನೆ ನಿಂತು ನಿಂತು ಪಾದ ಊದಿವೆ, ಬಿಸಿನೀರಿನಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನಾಟಕ ಆಯಿತು. ಅವಳು ಬರೆದಿದ್ದರಲ್ಲಿ ಒಂದು ಮಾತೂ ಬಿಡದೆ ಆಯಿತು. ಆದರೆ ನಡುವೆ ನಡೆದದ್ದನ್ನು ನಿಮಗೆ ಹೇಳಲೇಬೇಕು.

ಮೂರು ಗಂಟೆಗೆ ಶುರುವಾಗಬೇಕಿತ್ತು, ಅತಿಥಿಗಳು ಬರಲಿಲ್ಲ. ಕಾದು ಕಾದು ನಾಲ್ಕಕ್ಕೆ ಶುರು ಮಾಡಿದೆವು. ಹಾಲ್ ತುಂಬಿತ್ತು. ಚೆನ್ನಾಗಿ ನಡೆಯುತ್ತಿತ್ತು, ಸುಶೀಲಮ್ಮನ ಗೊಣಗಾಟಕ್ಕೆ ಜನ ನಗುತ್ತಿದ್ದರು, ಗಿರಣಿ ಹೆಂಗಸರು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಇನ್ನೇನು ರೊಟ್ಟಿ ಮುಗಿಯಿತು ಅನ್ನುವ ಹೊತ್ತು. ಬಾಗಿಲು ತೆರೆಯಿತು, ದೀಪಗಳೆಲ್ಲ ಹೊತ್ತಿಕೊಂಡವು, ರಘುನಂದನ್ ಮೈಕ್ ಹಿಡಿದು, "ಬಂಧುಗಳೇ ಕ್ಷಮಿಸಿ, ಮಾನ್ಯ ಅತಿಥಿಗಳು ಆಗಮಿಸಿದ್ದಾರೆ. ನಾಟಕ ಎಲ್ಲೂ ಹೋಗಲ್ಲ, ಸನ್ಮಾನ ಮುಗಿಸಿಬಿಡೋಣ" ಎಂದರು.

ನಮ್ಮ ಕೂಟದ ಪದ್ಧತಿ ನಿಮಗೆ ಗೊತ್ತಲ್ಲ. ಆ ವರ್ಷ ನೀವು ಯುದ್ಧಭೂಮಿಯಲ್ಲಿ ಕತ್ತಿ ಎತ್ತಿದ್ದಾಗ ನಿಲ್ಲಿಸಿ, ಹತ್ತನೇ ಕ್ಲಾಸಿನ ಮಕ್ಕಳಿಗೆ ಬಹುಮಾನ ಹಂಚಿದ್ದರು. ನೀವು ಕತ್ತಿ ಹಿಡಿದುಕೊಂಡೇ ಪಕ್ಕಕ್ಕೆ ಸರಿದು ನಿಂತು, ಎಲ್ಲ ಮುಗಿದ ಮೇಲೆ ಬಂದು ಶತ್ರುವನ್ನು ಕೊಂದಿರಿ.

ಟೆಂಟ್ ಹೌಸಿನವರು ಮಹಾರಾಜ ಕುರ್ಚಿ ಹೊತ್ತು ವೇದಿಕೆ ಹತ್ತಿದರು. ಚಿನ್ನದ ಬಣ್ಣ, ಕೆಂಪು ಮಖಮಲ್ಲು. "ಕಲಾವಿದರು ದಯವಿಟ್ಟು ಐದು ನಿಮಿಷ ಒಳಗೆ ಹೋಗಿ" ಎಂದರು ರಘುನಂದನ್.

ಯಾರೂ ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲೂ ಇಲ್ಲ. ಪಾರ್ಕಿಂಗಿನಲ್ಲಿ ಅಷ್ಟು ತಿಂಗಳು ನಿಂತದ್ದಕ್ಕೋ ಏನೋ, ಕಾಲು ಏಳಲೇ ಇಲ್ಲ. ರಘುನಂದನ್ ಹತ್ತಿರ ಬಂದು ಮೆಲ್ಲಗೆ, "ಸುಶೀಲಮ್ಮ, ಪ್ಲೀಸ್" ಅಂದರು. "ಸಾಲು ಬಿಟ್ರೆ ಜಾಗ ಹೋಗುತ್ತೆ ರಘು ಅವ್ರೇ" ಅಂದರು ಸುಶೀಲಮ್ಮ. ಅದು ಮೈಕಿಗೆ ಸಿಕ್ಕಿತು. ಇಡೀ ಹಾಲ್ ನಕ್ಕಿತು. ಬೇರೆ ದಾರಿಯಿಲ್ಲದೆ ಕುರ್ಚಿಯನ್ನು ನಮ್ಮ ಮುಂದೆಯೇ ಇಟ್ಟರು.

ಅತಿಥಿಗಳು ಕೂತರು. ನಮಗೂ ಕೈಮುಗಿದರು, ಒಳ್ಳೆಯ ಮನುಷ್ಯನೇ ಇರಬೇಕು. ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಕೂರಿಸಿದರು. ಕೂತಲ್ಲಿಂದಲೇ ಮಾತಾಡಲು ಶುರು ಮಾಡಿದರು, ಹಿಂದಿಯಲ್ಲಿ, ನಾರೀಶಕ್ತಿ ಎಂದು. ನಾವು ಹರಕು ಶಾಲು ಹೊದ್ದು ಅವರ ಹಿಂದೆ ನಿಂತಿದ್ದೇವೆ. ಜನ ಅವರ ತಲೆಯ ಮೇಲಿಂದ ನಮ್ಮನ್ನೇ ನೋಡುತ್ತಿದ್ದಾರೆ. ಅವರಿಗೂ ಗೊತ್ತಾಯಿತು. ಒಂದು ಸಲ ಹಿಂದೆ ತಿರುಗಿ ನೋಡಿದರು. ಮತ್ತೆ ಮಾತಾಡಿದರು, ಮತ್ತೆ ತಿರುಗಿದರು. ಮಾತು ಸಣ್ಣದಾಗುತ್ತಾ ಬಂತು.

ಆಗ ರೊಟ್ಟಿ ಅಂಗಡಿಯ ಕಿಟಕಿಯಿಂದ ಧನುಷ್ ಜೋರಾಗಿ, "ರೊಟ್ಟಿ ಮುಗಿಯಿತು. ನಾಳೆ ಬನ್ನಿ!" ಎಂದ. ಯಾರು ಹೇಳು ಅಂದಿದ್ದರೋ. ಆಮೇಲೆ ಕೇಳಿದರೆ, "ಆಂಟಿ, ಮುಂದಿನ ಡೈಲಾಗ್ ಅದೇ ಥಾ ನಾ" ಅನ್ನುತ್ತಾನೆ.

ಮುಂದಿನ ಮಾತು ನನ್ನದು. ಹೇಳಿದೆ. "ನಾಳೆ ಬರುವುದಿಲ್ಲ. ಇವತ್ತೇ ಕೇಳುತ್ತೇವೆ."

ನನ್ನ ದನಿ ಅಷ್ಟು ದೂರ ಹೋಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಸಾಲು ಒಂದು ಹೆಜ್ಜೆ ಮುಂದಿಟ್ಟಿತು. ಅಭ್ಯಾಸ ಮಾಡಿದ್ದೇ ಹೆಜ್ಜೆ, ಆದರೆ ಈಗ ಅದು ಕುರ್ಚಿಯ ಬೆನ್ನಿಗೆ ಹೋಗಿ ತಾಗಿತು. ಅತಿಥಿಗಳು ರಘುನಂದನ್ ಕಡೆ ಬಗ್ಗಿ, "ಯೇ ಕ್ಯಾ ಕಹ್ ರಹೀ ಹೈಂ?" ಎಂದು ನನ್ನ ಮಾತಿನ ಅರ್ಥ ಕೇಳಿದರು. ಪಾಪ, ರಘುನಂದನ್ ಬೆವರಿಹೋಗಿದ್ದರು. "ನಾಟಕ ಹೈ ಸರ್. ನಾಟಕ ಶುರು ಹೋ ಗಯಾ."

ಅವರು ಎದ್ದರು. ಯಾರೂ ಎಬ್ಬಿಸಲಿಲ್ಲ, ಯಾರೂ ಮುಟ್ಟಲಿಲ್ಲ. ಮೈಕನ್ನು ಕುರ್ಚಿಯ ಮೇಲಿಟ್ಟು, ಬುಟ್ಟಿ ತಬ್ಬಿಕೊಂಡು, ಪೇಟ ಇಟ್ಟುಕೊಂಡೇ ಮೆಟ್ಟಿಲು ಇಳಿದು ಹೋದರು. ಆಮೇಲೆ ಚಪ್ಪಾಳೆ ಶುರುವಾಯಿತು. ಕೆಳಗೆ ನಿಂತು ಅವರೂ ಹೊಡೆದರು. ದೀಪದವನು ತಾನಾಗಿಯೇ ದೀಪ ಆರಿಸಿದ. ಕುರ್ಚಿ ತೆಗೆಯಲು ಯಾರಿಗೂ ನೆನಪಾಗಲಿಲ್ಲ, ಕೊನೆವರೆಗೂ ಅಲ್ಲೇ ಖಾಲಿ ಇತ್ತು.

ಸುಶೀಲಮ್ಮ ಜ್ವರದ ಮಾತು ಹೇಳಿದರು. ನಾನು ನಿಂತೇ ಕೇಳಿದೆ.

ಮುಗಿದ ಮೇಲೆ ರಘುನಂದನ್ ಬಂದು, "ಮೇಡಂ, ನನ್ನ ಮಾನ ಹರಾಜು ಹಾಕಿದ್ರಿ" ಎಂದು ಹೇಳಿ ದುರುಗುಟ್ಟಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಒರೆಸಿದ್ದು ಬಹಳ ಹೊತ್ತಾಯಿತು.

ನೀವು ಕೇಳಿದ್ದನ್ನು ತನುಶ್ರೀಯನ್ನು ಕೇಳಿದೆ. "ಸಿಕ್ತು ಆಂಟಿ, ಸ್ವಲ್ಪ ದಿನ. ಆಮೇಲೆ ಮತ್ತೆ ಸಾಲು. ಅದಕ್ಕಿಂತ ಕಷ್ಟದ ವರ್ಷಗಳೂ ಬಂದ್ವು. ಅದು ಬೇರೆ ನಾಟಕ, ಸಿಂಧು ಅದನ್ನೂ ಬರೀತೀನಿ ಅಂತಿದ್ಲು" ಎಂದಳು. ನಿಮ್ಮ ರೂಮಿನವರಿಗೆ ಹಾಗೇ ಹೇಳಿ. ಸಿಹಿ ಮಾಡಿ ಹೇಳಬೇಡಿ.

ಇಂತಿ,
ಗಿರಿಜಾ

* * *

ಮಾನೇಸರ್
೧೪ ಮಾರ್ಚ್ ೨೦೨೬

ಗಿರಿಜಾ,

ನಿನ್ನ ಕಾಗದವನ್ನು ಹಿಂದಿಯಲ್ಲಿ ಎರಡು ಸಲ ಓದಿ ಹೇಳಬೇಕಾಯಿತು. ಎರಡನೇ ಸಲ ಪಕ್ಕದ ರೂಮಿನವರೂ ಬಂದಿದ್ದರು. ಕುರ್ಚಿಯ ಜಾಗಕ್ಕೆ ಬಂದಾಗ ಒಬ್ಬ ನಕ್ಕು ನಕ್ಕು ಚಹಾ ಚೆಲ್ಲಿಕೊಂಡ. ರೊಟ್ಟಿಯ ವಿಷಯವನ್ನೂ ನೀನು ಬರೆದ ಹಾಗೇ ಹೇಳಿದೆ. ಅದನ್ನು ಕೇಳಿ, ಆ ನಾಟಕವನ್ನು ಇಲ್ಲಿ ತೋರಿಸುತ್ತಾರಾ ಎಂದು ಕೇಳಿದರು.

ತಾರಸಿ ದೊಡ್ಡದಿದೆ. ಮನೆ ಮಾಲೀಕ ಒಪ್ಪಿದ್ದಾನೆ. ಭಾನುವಾರವಾದರೆ ನೂರು ಜನ ಸೇರುತ್ತಾರೆ. ಕನ್ನಡ ತಿಳಿಯುವುದಿಲ್ಲ, ಆದರೆ ಕಥೆ ಎಲ್ಲರಿಗೂ ಗೊತ್ತಿದೆ, ಅಷ್ಟು ಸಲ ಹೇಳಿದ್ದೇನೆ.

ರಾಜನ ರೈಲನ್ನು ತಡೆಯುವ ಸ್ಟೇಷನ್ನಿನವನ ಮಾತು ಇದೆಯಲ್ಲ, "ಮುಂದೆ ದಾರಿ ಇಲ್ಲ, ಗಾಡಿ ತಿರುಗಿಸಿ" ಎಂದು. ಅದನ್ನು ತನುಶ್ರೀ ಒಳಗಿನಿಂದ ಹೇಳುತ್ತಾಳೆ ಎಂದು ಕೇಳಿದೆ. ಅವಳು ಒಪ್ಪಿದರೆ ಅದನ್ನು ನಾನು ಹೊರಗೆ ನಿಂತು ಹೇಳುತ್ತೇನೆ. ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ. ಅವಳು ಬರೆದಷ್ಟೇ. ಒಂದು ಮಾತೂ ಸೇರಿಸುವುದಿಲ್ಲ.

ಚಂದ್ರಪ್ಪ

* * *

ಇಂದಿರಾಪುರಂ
೨೮ ಮಾರ್ಚ್ ೨೦೨೬, ಶನಿವಾರ

ಸಿಂಧು ಅಪ್ಪನಿಗೆ,

ಬೆಳಿಗ್ಗೆ ಎಂಟು ಗಂಟೆ. ಕೆಲಸಕ್ಕೆ ಹೊರಡುವ ಮುಂಚೆ ನಾಲ್ಕು ಸಾಲು. ಕಿಶನ್ ಹತ್ತಕ್ಕೆ ನಮ್ಮ ಗೇಟಿಗೆ ಬರುತ್ತಾನೆ, ಸಂಜೆಯೊಳಗೆ ನಿಮ್ಮ ಕೈ ಸೇರುತ್ತದೆ.

ಕೂಟದವರು ಕಮಿಟಿ ಕೂರಿಸಿ, ಇನ್ನು ಮುಂದೆ ಕೂಟದ ಹೆಸರಿನಲ್ಲಿ ನಾಟಕ ಆಡಬೇಕಾದರೆ ಒಪ್ಪಿಗೆ ಪಡೆಯಬೇಕು ಎಂದು ತೀರ್ಮಾನಿಸಿದ್ದಾರೆ. ಸರಿ, ನಾಳೆ ನಿಮ್ಮ ತಾರಸಿಯ ನಾಟಕಕ್ಕೆ ಕೂಟದ ಹೆಸರು ಹಾಕುವುದಿಲ್ಲ. ತನುಶ್ರೀ ಹೊಸ ಕರಪತ್ರ ಕೈಯಲ್ಲೇ ಬರೆದಿದ್ದಾಳೆ. ಅದರಲ್ಲಿ ಸಿಂಧು ಹೆಸರು ಮೇಲಿದೆ, ಹಿಂದೆ ಮುಂದೆ ಏನೂ ಇಲ್ಲ. ನಿಮ್ಮದು ಕೆಳಗೆ ನಾಲ್ಕನೆಯದು: ಸ್ಟೇಷನ್ ಮಾಸ್ತರ್, ಚಂದ್ರಪ್ಪ.

ಇಬ್ಬರು ಬರುವುದಿಲ್ಲ ಎಂದರು, ಮನೆಯಲ್ಲಿ ಬೇಡ ಅಂದರಂತೆ. ನಮ್ಮ ಗಾರ್ಮೆಂಟಿನ ಪಕ್ಕದ ಟೇಬಲಿನವಳೂ ಅವಳ ತಂಗಿಯೂ ಆ ಜಾಗಕ್ಕೆ ನಿಲ್ಲುತ್ತಾರೆ. ಅವರಿಗೆ ಕನ್ನಡ ಬಾರದು. ನಿಲ್ಲಲು ಬರುತ್ತದೆ.

ಸುಶೀಲಮ್ಮ ಎಲ್ಲರಿಗೂ ಚಿತ್ರಾನ್ನ ಕಟ್ಟಿಸಿಕೊಂಡು ಬರುತ್ತಾರೆ. ನಿಮ್ಮ ಹುಡುಗರು ಸಕ್ಕರೆ ಕೇಳಿದರೆ ತಾನೇ ವಿಚಾರಿಸಿಕೊಳ್ಳುತ್ತೇನೆ ಎಂದು ಹೇಳಲು ಹೇಳಿದ್ದಾರೆ. ನಾಟಕ ಆದ ಮೇಲೆ ಸಾಲಿನವರೆಲ್ಲ ಟೆಂಪೋದಲ್ಲಿ ವಾಪಸು ಬರುತ್ತಾರೆ. ನಾನು ಸೋಮವಾರ ರಜೆ ಹಾಕಿದ್ದೇನೆ, ಉಳಿಯುತ್ತೇನೆ. ಹುಡುಗರ ರೂಮಿನಲ್ಲಿ ಅಲ್ಲ, ಎಲ್ಲಾದರೂ ಒಂದು ಜಾಗ ನೋಡಿಡಿ. ಮಾತಾಡುವುದಿದೆ. ಬಹಳ ಇದೆ.

ನಾಳೆ ಮೂವತ್ತಾರು ಡಿಗ್ರಿ ಬಿಸಿಲಂತೆ. ಉಣ್ಣೆ ಶಾಲುಗಳನ್ನು ತರುತ್ತಿದ್ದೇವೆ.

ಗಿರಿಜಾ